ಎಂಟು ಮಾರು

ಔಷಧಿ ಅಂಗಡಿಯ ಶಟರ್ ಎಳೆದು,
ಬೀಗ ಎರಡು ಸಲ ಜಗ್ಗಿ ನೋಡಿ,
ಬಸ್ಸು ಬಿಟ್ಟು ನಡೆಯುತ್ತೇನೆ ದಿಬ್ಬದ ಬೀದಿಯಲ್ಲಿ.
ಹೋಲ್ಡರ್ನೆಸ್ ತೀರದ ಈ ಊರಿಗೆ ಬಂದು ಆರು ವರ್ಷ,
ಸಮುದ್ರ ಇನ್ನೂ ಒಂದು ದಿನ ನೀಲಿಯಾಗಿ ಕಂಡಿಲ್ಲ.
ಹಾಲು ಕಮ್ಮಿ ಬಿದ್ದ ಚಹಾದ ಬಣ್ಣ,
ತಿಂದ ಮಣ್ಣನ್ನು ತಾನೇ ಕಲಕುತ್ತ ಕೂತಿದೆ.

ಇಲ್ಲಿ ಮನೆ ನಂಬರು ಹನ್ನೊಂದರಿಂದ ಶುರು.
ಒಂದು, ಮೂರು, ಐದು, ಏಳು, ಒಂಬತ್ತು
ಕೆಳಗೆ ಹೋಗಿವೆ,
ಬಚ್ಚಲು, ಬಾಗಿಲು, ಗುಲಾಬಿ ಬೇಲಿ ಸಮೇತ.
ಟಾರು ರಸ್ತೆ ನೆಟ್ಟಗೆ ಹೋಗಿ
ಮಾತು ಮರೆತವರ ಹಾಗೆ ಗಾಳಿಯಲ್ಲಿ ನಿಲ್ಲುತ್ತದೆ.
ಮೂರನೇ ನಂಬರಿಗೆ ಈಗಲೂ ಬೀಜದ ಕಂಪನಿಯ ಕಾಗದ ಬರುತ್ತದಂತೆ.

ಸೂರ್ಯ ಇಲ್ಲಿ ಕಡಲಿಗೆ ಇಳಿಯುವುದಿಲ್ಲ.
ಬೆನ್ನ ಹಿಂದೆ, ಬಾರ್ಲಿ ಕೊಯ್ದ ಹೊಲದ ಮೇಲೆ,
ಕ್ಯಾರವಾನುಗಳ ಸಾಲಿನಾಚೆ ಮುಳುಗುತ್ತಾನೆ.
ಅದಕ್ಕೇ ನಮಗಿಂತ ಮೊದಲು ನಮ್ಮ ನೆರಳು
ಅಂಚು ದಾಟಿ ಬೀಳುತ್ತದೆ.
ಉದ್ದ ಕಾಲು, ಸಣ್ಣ ತಲೆ,
ತಲೆ ಎಲ್ಲೋ ಅಲೆಯಲ್ಲಿ ಒದ್ದೆ.

ಹದಿನೇಳನೇ ನಂಬರಿನ ಗೇಟಿನಲ್ಲಿ ಎನಿಡ್ ಪಾರ್ಸ್ಲೋ,
ಕೈಯಲ್ಲಿ ಹಳದಿ ಟೇಪು.
ಅವಳ ಹುಟ್ಟಿದ ದಿನ ನನಗೆ ಬಾಯಿಪಾಠ,
ಮಂಡಿಯ ಗುಳಿಗೆ ಗೊತ್ತು, ರಾತ್ರಿಯ ಗುಳಿಗೆ ಗೊತ್ತು.
ನಿದ್ದೆ ಯಾಕೆ ಬರುವುದಿಲ್ಲವೆಂದು
ಚೀಟಿಯಲ್ಲಿ ಬರೆದಿರುವುದಿಲ್ಲ.

"ತುದಿ ಹಿಡಿ" ಅನ್ನುತ್ತಾಳೆ, ನಮಸ್ಕಾರದ ಬದಲು.
ಪ್ರತಿ ಗುರುವಾರ ಇದೇ.
ಸೊನ್ನೆಯ ತುದಿ ಹಿಡಿದು ನಾನು ಕಡಲ ಕಡೆಗೆ,
ಕೊನೆಯ ಎರಡು ಹೆಜ್ಜೆ ಮಂಡಿಯ ಮೇಲೆ.
ಹುಲ್ಲು ಹೊರಗೆ ಬಾಗಿದೆ, ಅದರಡಿ ಏನೂ ಇಲ್ಲ.
ಅಂಬರಗುಬ್ಬಿಗಳು ಕೊರೆದ ತೂತು,
ಈ ವರ್ಷದ ಮರಿಗಳು ಹಾರಿ ಖಾಲಿ.
ತುಂಡಾದ ನೀರಿನ ಪೈಪೊಂದು
ಬೆರಳಿನಂತೆ ಚಾಚಿದೆ, ತೋರಿಸಲು ಏನೂ ಇಲ್ಲದೆ.

"ಹದಿನಾಲ್ಕು, ನಲವತ್ತು!"
ಹೋದ ವಾರ ಹದಿನೈದು ಚಿಲ್ಲರೆ.
ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುತ್ತಾಳೆ,
ಹಾಲಿನವನ ಲೆಕ್ಕದ ಹಾಗೆ.

"ನಿಮ್ಮ ಕಡೆ ಹೇಗೆ ಅಳೆಯುತ್ತೀರಿ?"
ಇವತ್ತು ಯಾಕೋ ಕೇಳಿದಳು.

ಅಪ್ಪ ರಾಯಚೂರಿನ ಸರ್ವೆ ಆಫೀಸಿನಲ್ಲಿ ಸರಪಳಿ ಎಳೆದವನು,
ಕಲ್ಲು ನೆಟ್ಟರೆ ತಕರಾರು ಮುಗಿಯಿತೆಂದು ನಂಬಿದವನು.
ಹದ್ದಿನ ಕಲ್ಲು ರಾತ್ರಿ ನಡೆದಾಡುವುದು ಅಲ್ಲಿ ಗೊತ್ತಿದ್ದದ್ದೇ,
ಬೆಳಗಾದರೆ ಯಾರ ಕೈವಾಡವೆಂದು ಹೇಳಬಹುದಿತ್ತು.
ಇಲ್ಲಿ ಹೊಲವೇ ಎದ್ದು ಹೋಗುತ್ತದೆ.

ಅದನ್ನು ಹೇಳಲಿಲ್ಲ.
ಗೇಣು ತೋರಿಸಿದೆ, ಮೊಳ ತೋರಿಸಿದೆ,
ಹೂವಾಡಗಿತ್ತಿಯ ಮೊಳ ಯಾವಾಗಲೂ ಗಿಡ್ಡ ಅಂತಲೂ.
ಆಮೇಲೆ ಎರಡೂ ಕೈ ಚಾಚಿ, ಮಾರು.
ಮಾರು ಅಂದರೆ ಮಾರಾಟ ಮಾಡು ಅಂತಲೂ ಹೌದು ಅಂದೆ.
ಕೆಮ್ಮು ಬರುವ ತನಕ ನಕ್ಕಳು.
"ಏಜೆಂಟು ಬಂದವನು ಫೋಟೋ ಕೂಡ ತೆಗೆಯಲಿಲ್ಲ ಕಣೆ.
ಆ ಮಾರು ಬೇಡ, ಇನ್ನೊಂದನ್ನು ನೋಡೋಣ."

ಟೇಪು ಗೇಟಿಗೆ ನೇತುಹಾಕಿ ಕೈ ಅಗಲಿಸಿದಳು.
ಬೆರಳು ಮುಗಿದಲ್ಲಿ ನಾನು ಶೂ ಒತ್ತಬೇಕು,
ಅಲ್ಲಿಂದ ಮತ್ತೆ ಅವಳು.
ಗಾಳಿಗೆ ಉಬ್ಬಿದ ಕಾರ್ಡಿಗನ್ನು,
ಎಪ್ಪತ್ತೊಂಬತ್ತು ವರ್ಷದ ಅಗಲ.
ಸಮುದ್ರವನ್ನು ಬಾ ಅನ್ನುತ್ತಿದ್ದಾಳೋ, ನಿಲ್ಲು ಅನ್ನುತ್ತಿದ್ದಾಳೋ,
ನಾಯಿ ಹಿಡಿದು ಬಂದವನೊಬ್ಬ ನಿಂತು ನೋಡಿ
ದಾರಿ ಬದಲಿಸಿದ.

ಎಂಟಕ್ಕೆ ನಾನೇ ತೋಳು ಹಿಡಿದೆ.
ಮುಂದೆ ಮೂರು ಮೊಳ ಇರಬಹುದು, ಅಳೆಯಲಿಲ್ಲ.
ಅದು ಕೊಸರು ಅಂದೆ.
ಕೊಸರು ಅಂದರೇನೆಂದು ಕೇಳಿದಳು,
ಕೊಟ್ಟ ದುಡ್ಡಿಗೆ ಮೇಲೆ ಬಂದದ್ದು ಅಂದೆ.
ಅದನ್ನೂ ಕ್ಯಾಲೆಂಡರಿಗೆ ಹಾಕಿದಳು, ಅವಳಿಗೆ ಕೇಳಿಸಿದ ಸ್ಪೆಲ್ಲಿಂಗಿನಲ್ಲಿ.

ಕತ್ತಲಾಯಿತು. ಕಡೆಯ ದೀಪದ ಕಂಬ
ಮೇ ತಿಂಗಳಲ್ಲೇ ಕೌನ್ಸಿಲ್ ಕಿತ್ತೊಯ್ದಿದೆ.
ಅವಳ ಅಡುಗೆಮನೆಯ ಬೆಳಕಿನಲ್ಲಿ ಅರ್ಧ ಬೀದಿ ನಡೆದು
ಮಿಕ್ಕಿದ್ದನ್ನು ಅಂದಾಜಿನಲ್ಲಿ ನಡೆದೆ.

ಮನೆಯಲ್ಲಿ ಕೈ ತೊಳೆದರೆ
ಸಿಂಕಿನ ತುಂಬ ಅದೇ ಚಹಾದ ಬಣ್ಣ.
ನಲ್ಲಿ ನಿಲ್ಲಿಸುವಷ್ಟರಲ್ಲಿ
ಅವಳ ಅಂಗಳದ ಚೂರು
ನನ್ನ ಮನೆಯಿಂದಲೂ ಕಡಲಿಗೆ ಹೋಗಿತ್ತು.