ನೂರಾರು

ಇನ್ನೂರಾರು ಮೂಳೆ ಒಬ್ಬ ಮನುಷ್ಯನಿಗೆ,
ಅದರಲ್ಲಿ ನೂರಾರು ಬರೀ ಕೈಗೂ ಕಾಲಿಗೂ.
ನೂರಾರು ಅಂದರೆ ನೂರರ ಮೇಲೆ ಆರು,
ಲೆಕ್ಕವಿಲ್ಲದಷ್ಟು ಅಂತಲ್ಲ.
ಲೆಕ್ಕ ಇದೆ. ನನ್ನ ಹತ್ತಿರವೇ ಇದೆ,
ನೀಲಿ ರಟ್ಟಿನ ರಿಜಿಸ್ಟರಿನಲ್ಲಿ, ಹತ್ತೊಂಬತ್ತು ವರ್ಷದ್ದು.

ಶಿವಮೊಗ್ಗದ ಕಾಲೇಜು. ಮೂಳೆ ಕೋಣೆಯ ಬೀಗದ ಕೈ
ನನ್ನ ಸೆರಗಿನ ಗಂಟಿನಲ್ಲಿ.
ಬೆಳಿಗ್ಗೆ ಎಣಿಸಿ ಕೊಡುವುದು, ಸಂಜೆ ಎಣಿಸಿ ಒಳಗಿಡುವುದು.
ತೊಡೆಯ ಮೂಳೆ ಯಾರೂ ಕಳೆಯುವುದಿಲ್ಲ,
ಎಲ್ಲಿ ಮರೆತರೂ ಯಾರ ಕಾಲಿಗಾದರೂ ತೊಡರುತ್ತದೆ.
ಕಳೆಯುವುದು ಮಣಿಕಟ್ಟಿನವು:
ದೋಣಿ, ಅರ್ಧಚಂದ್ರ, ಮೂರು ಮೂಲೆಯದು, ಬಟಾಣಿ.
ಲ್ಯಾಟಿನ್ ನನ್ನ ನಾಲಿಗೆಗೆ ಒಗ್ಗಲಿಲ್ಲ.
ಮೇಡಂ ಅರ್ಥ ಹೇಳಿದರು, ಅರ್ಥದಿಂದಲೇ ಕರೆಯುತ್ತೇನೆ.

ಹದಿನಾಲ್ಕನೇ ಡಬ್ಬಿ, ಬಲಗೈ. ಒಂದು ಸಂಜೆ ಏಳೇ.
ಬೆಂಚಿನ ಕೆಳಗೆ, ಕಸದಲ್ಲಿ, ಹುಡುಗರ ಬಿಳಿ ಕೋಟಿನ ಜೇಬಿನಲ್ಲಿ
ಹುಡುಕಿದೆ. ಬಟಾಣಿ ಇಲ್ಲ.
ರಿಜಿಸ್ಟರಿನಲ್ಲಿ ಎಂಟು ಅಂತಲೇ ಬರೆದೆ.
ಮಾರನೆಯ ದಿನ ದುರ್ಗಿಗುಡಿಯಿಂದ
ಕಾಲು ಕೇಜಿ ಒಣ ಬಟಾಣಿ ತಂದು, ಆರಿಸಿ ಒಂದನ್ನಿಟ್ಟೆ.
ಉಳಿದದ್ದು ಉಸಲಿ ಮಾಡಿ ತಿಂದೆವು.
ಐದು ತಿಂಗಳು ಯಾರೂ ಕೇಳಲಿಲ್ಲ,
ಇಬ್ಬರು ಅದರ ಮೇಲೆಯೇ ಪರೀಕ್ಷೆ ಪಾಸಾದರು.
ಆಮೇಲೆ ಅದಕ್ಕೆ ಹುಳ ಬಿತ್ತು.

ಭಾನುವಾರ ಸಾಗರದ ಬಸ್ಸು ಹತ್ತಿದೆ.
ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಏಳು ಮೂಳೆ,
ಕೆಳಗಿನದರಲ್ಲಿ ಚಿತ್ರಾನ್ನ.
ಕುಂಸಿ, ಆನಂದಪುರ. ಬ್ರೇಕು ಬಿದ್ದಾಗಲೆಲ್ಲ
ಒಳಗೆ ಯಾರೋ ಚೌಕಾಬಾರದ ಕವಡೆ ಹಾಕಿದ ಸದ್ದು.

ಹಿರಿಯಣ್ಣ ಗುಡಿಗಾರರು ತಲೆಯೆತ್ತದೆ ಅಂದರು:
ಗಂಧ ಈಗೆಲ್ಲಿ ತರಲಿ, ಶಿವನೆ ಮರ ಇದೆ.
ದೇವರಲ್ಲ, ಮೂಳೆ ಎಂದೆ. ಒಂದೇ. ಇಷ್ಟೇ ಇಷ್ಟು.
ಅವರು ಏಳನ್ನೂ ಹಲಗೆಯ ಮೇಲೆ ಹರಡಿಕೊಂಡು
ತಿರುಗಿಸಿ ತಿರುಗಿಸಿ ಒಂದಕ್ಕೊಂದು ಕೂರಿಸಿದರು,
ನಾನು ಹೇಳದೆಯೇ, ಎರಡು ಸಾಲು.
ಕಿರುಬೆರಳ ಕಡೆ ಒಂದು ನುಣ್ಣನೆಯ ಗುರುತು ಖಾಲಿ ಉಳಿಯಿತು.
ಇಲ್ಲಿ, ಎಂದರು.
ಹೆಣ್ಣೋ, ಗಂಡೋ?
ಹದಿನಾಲ್ಕನೇ ನಂಬರು, ಎಂದೆ.
ಕೆಲಸ ಮಾಡಿದ ಕೈ, ಎಂದರು. ಅದು ಮೂಳೆಯಲ್ಲಿ ಕಾಣುವುದೋ,
ಎಲ್ಲರಿಗೂ ಹಾಗೇ ಹೇಳುವರೋ ಗೊತ್ತಿಲ್ಲ.

ಉಳಿ ಹಿಡಿದಾಗ ಕಂಡೆ: ಅವರ ಬಲ ಮಣಿಕಟ್ಟು ಮಣಿಯದು.
ಹಿಂದೆಂದೋ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಕೈಯೂರಿದ್ದಂತೆ,
ಉಳುಕು ಅಂತ ಎಣ್ಣೆ ತೀಡಿ ಬಿಟ್ಟರಂತೆ.
ಅದು ದೋಣಿ, ಎಂದೆ. ಬಾಗಿಲಾಚೆ ನಿಂತು ಕೇಳಿದ ಪಾಠ:
ದೋಣಿಗೆ ರಕ್ತ ಬೆರಳ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ,
ನಡು ಮುರಿದರೆ ತೋಳಿನ ಕಡೆಯ ಅರ್ಧ
ಉಪವಾಸ ಸಾಯುತ್ತದೆ.
ಹೆಬ್ಬೆರಳ ಬುಡದಲ್ಲಿ, ನಶ್ಯ ಹಾಕಿಕೊಳ್ಳುವ ಗುಳಿಯನ್ನು
ಒತ್ತಿ ನೋಡಿಕೊಂಡರು.
ಇಷ್ಟು ವರ್ಷ ಹೆಸರಿಲ್ಲದೆ ನೋಯುತ್ತಿತ್ತು.
ದೋಣಿ, ಎಂದರು. ಇನ್ನೊಮ್ಮೆ, ದೋಣಿ.

ಅರ್ಧ ಗಂಟೆಗೆ ಬಟಾಣಿಯಾಯಿತು.
ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಬಣ್ಣ ಹಿಡಿಸಿದರು.
ದುಡ್ಡು? ಇಷ್ಟಕ್ಕೆ ಏನು ಕೇಳಲಿ, ನೀವೇ ಹೇಳಿ.
ಕಾಲಿನದು ಕಳೆದರೂ ಬರುತ್ತೇನೆ ಎಂದೆ,
ಪಾದದಲ್ಲಿ ಮೂರು ಬೆಣೆ ಇವೆ, ಒಂದು ದೋಣಿಯೂ.
ಬೆಣೆ ನನ್ನ ಕಸುಬು, ಎಂದರು. ಆಮೇಲೆ ತಡೆದು,
ಕಾಲಲ್ಲೂ ದೋಣಿಯೇ?

ವಾಪಸು ಬಸ್ಸಿನಲ್ಲಿ ಸೀಟಿಲ್ಲ.
ಮೇಡಂಗೆ ಹೇಳುವುದೋ, ಬೇಡವೋ,
ಶಿವಮೊಗ್ಗ ಬರುವ ತನಕ
ಎರಡು ದೋಣಿಯ ಮೇಲೆ ನಿಂತೇ ಬಂದೆ.

ಈಗಲೂ ಸಂಜೆ ಎಣಿಸುತ್ತೇನೆ.
ಏಳು ಟಕ್ ಟಕ್ ಎಂದು ಡಬ್ಬಿಗೆ ಬೀಳುತ್ತವೆ.
ಎಂಟನೆಯದು ಬಿದ್ದಿತೇ ಎಂದು
ಬಗ್ಗಿ ನೋಡಬೇಕು.