ಒತ್ತು

ಹೇಮಗಂಗೋತ್ರಿಯ ಎರಡನೆ ಮಹಡಿ.
ಕರೆಂಟು ಹೋಗದಿದ್ದರೆ ಸಾಕು ಎನ್ನುತ್ತ
ಮೂರನೆ ಸಲ ಕಾಯಿಸುತ್ತಿದ್ದೇನೆ ಒಂದು ಎಳೆಜೋಡಿಯನ್ನು,
ನಿಮಿಷಕ್ಕೆ ಅರ್ಧ ಡಿಗ್ರಿ.
ಹನ್ನೆರಡಕ್ಷರದ ಸಾಲು, ಎದುರಿಗೆ ಹನ್ನೆರಡು.
ಏನೂ ತಿದ್ದದ ಜೋಡಿ ನಿನ್ನೆ
ನಲವತ್ತಾರಕ್ಕೇ ಅರ್ಧಕ್ಕರ್ಧ ಬಿಟ್ಟುಕೊಂಡಿತ್ತು.
ಇವತ್ತಿನದಕ್ಕೆ, ಏಳನೆಯ ಸಕ್ಕರೆಯಲ್ಲಿ,
ಒಂದೇ ಇಂಗಾಲದ ಕೊಂಡಿ.
ನಲವತ್ತಾರು ದಾಟಿತು. ಕೈ ಬಿಟ್ಟಿಲ್ಲ.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಧರಣೇಂದ್ರಯ್ಯ ಮೇಷ್ಟ್ರು
ಟಿಕೆಟ್ಟಿನ ಹಿಂದೆ ಬರೆದು ತೋರಿಸಿದ್ದರು:
‘ಕತೆ’. ಎರಡೂ ಲಘು.
ತ-ಗೆ ಒಂದು ಒತ್ತು ಕೊಡು, ‘ಕತ್ತೆ’.
ಒತ್ತು ಬಿದ್ದದ್ದು ತ-ಗೆ, ಗುರುವಾದದ್ದು ಕ.
ನೋಡಮ್ಮ, ಅದನ್ನು ಯಾರೂ ಮುಟ್ಟಿರಲಿಲ್ಲ.

ನಮ್ಮಲ್ಲಿ ಹೆಚ್ಚಾಗಿ ಮುಂದಿನದಕ್ಕೆ ಸಾರ್, ಅಂದೆ.
ಏಳನೆಯದು ಬಿಗಿದುಕೊಂಡರೆ
ತನ್ನ ಪಾಡಿಗಿದ್ದ ಎಂಟನೆಯದೂ
ಅದೇ ಭಂಗಿಗೆ ಸೊಂಟ ತಿರುವುತ್ತದೆ.
‘ಹಾಗಾದರೆ ನಿಮ್ಮದು ಉಲ್ಟಾ ಛಂದಸ್ಸು’
ಎಂದವರೇ ಶಾಂತಿಗ್ರಾಮದಲ್ಲಿ ಇಳಿದುಬಿಟ್ಟರು.

ಅವರಿಗೆ ಹೇಳಲಾಗದೆ ಉಳಿದದ್ದು ತುದಿಗಳ ಮಾತು.
ನಡುವೆ ಎಷ್ಟೇ ಬಿಗಿದರೂ
ಒಂದನೆಯದು, ಹನ್ನೆರಡನೆಯದು
ಬಿಚ್ಚುತ್ತವೆ, ಕೂಡುತ್ತವೆ, ಮತ್ತೆ ಬಿಚ್ಚುತ್ತವೆ,
ರೆಪ್ಪೆ ಬಡಿಯುವುದರೊಳಗೆ ಎಷ್ಟು ಸಲವೋ.
ಕೊಂಡಿಯ ಸುದ್ದಿ ಅಲ್ಲಿಯವರೆಗೆ ಹೋಗುವುದಿಲ್ಲ.
ಇಡೀ ಸಾಲೇ ಬಿಗಿದಿದ್ದರೆ
ಓದಲು ಬಂದವರು ಎಲ್ಲಿಂದ ಒಳಗೆ ಬರಬೇಕು?

ಪರದೆಯ ಮೇಲೆ ಗೆರೆ ಮೆಲ್ಲಗೆ ಮೇಲೇಳುತ್ತಿದೆ.
ಬೇರೆಯಾದ ಎಳೆಗಳು ಬೆಳಕನ್ನು ಹೆಚ್ಚು ಕುಡಿಯುತ್ತವೆ,
ಯಾಕೋ ಈ ಮಾತು ಬರೆಯುವಾಗ ಪ್ರತಿಸಲ ಕೈ ನಿಲ್ಲುತ್ತದೆ.

ಐವತ್ತೊಂದೂವರೆ. ಅರ್ಧಕ್ಕರ್ಧ.
ನೋಟ್‌ಬುಕ್ಕು ಕೆಳಗೆ ಉಳಿದಿತ್ತು;
ಟಿಕೆಟ್ಟಿನ ಹಿಂದೆ,
ಕತ್ತೆಯ ಕೆಳಗೆ ಬರೆದುಕೊಂಡೆ.