ವಿಚಾರಣೆ

ನೀಲಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದೆ:
ವಿಚಾರಣೆ.
ಅದರ ಕೆಳಗೆ ನಾನು,
ಕಟಕಟೆಯಷ್ಟೇ ಎತ್ತರದ ಮೇಜಿನ ಹಿಂದೆ.
ಸೇರಿದ ವಾರವೇ ಜಗಳೂರು ಕಡೆಯವನೊಬ್ಬ
ಬೋರ್ಡು ಓದಿ, ಟವೆಲ್ಲು ಕಂಕುಳಿಗೆ ಸಿಕ್ಕಿಸಿ,
"ನಂದೇನೂ ತಪ್ಪಿಲ್ರೀ, ಅವನೇ ಬೈಕು ತಂದು ಗುದ್ದಿದ್ದು" ಅಂದ.

ಎಂಟಕ್ಕೆ ಕೂತರೆ
ಎಕ್ಸ್‌ರೇ ಎಲ್ಲಿ, ರಕ್ತ ಎಲ್ಲಿ ಕೊಡೋದು, ಗಂಟಲ ಡಾಕ್ಟ್ರು ಬಂದ್ರಾ,
ಹುಟ್ಟಿದ್ದರ ಸರ್ಟಿಫಿಕೇಟ್ ಇಲ್ಲೇನಾ, ಸತ್ತದ್ದರದು ಎಲ್ಲಿ,
ಹರಿಹರದ ಬಸ್ಸು ಈ ಗೇಟಿಗೆ ನಿಲ್ಲತೈತಾ.
ಹಳದಿ ಗೆರೆ ಹಿಡಿದು ಹೋಗಿ ಅನ್ನುತ್ತೇನೆ.
ಹೆರಿಗೆ ವಾರ್ಡಿನ ತಿರುವಿನಲ್ಲಿ ಗೆರೆ ಅಳಿಸಿದೆ.
ಅಲ್ಲಿಂದ ಮುಂದೆ ಯಾರನ್ನಾದರೂ ಕೇಳಿ.

ಫೋನಿಗೆ ಹೇಳಬೇಕಾದದ್ದನ್ನು ರಟ್ಟಿಗೆ ಅಂಟಿಸಿ ಕೊಟ್ಟಿದ್ದಾರೆ:
ಚಿಕಿತ್ಸೆ ನಡೆಯುತ್ತಿದೆ. ಡಾಕ್ಟರನ್ನು ಕೇಳಿ.
ಮಂಚ ಖಾಲಿಯಾದದ್ದು ಪರದೆಯ ಮೇಲೆ
ಒಮ್ಮೊಮ್ಮೆ ಮನೆಯವರಿಗಿಂತ ಮೊದಲು ನನಗೆ ಕಾಣುತ್ತದೆ.
ಆಗಲೂ ಅದೇ ಎರಡು ಸಾಲು.
ಸುಣ್ಣ ಜಾಸ್ತಿಯಾದ ಎಲೆ ಬಾಯಲ್ಲಿ,
ಉಗುಳುವ ಹಾಗಿಲ್ಲ.

ಮೊನ್ನೆ ಮಧ್ಯಾಹ್ನ
ಮಂಡಕ್ಕಿ ಪೊಟ್ಟಣ ಬಿಚ್ಚುವಷ್ಟರಲ್ಲಿ
ಮಾಯಕೊಂಡದ ಮುದುಕಿ.
"ನಮ್ಮ ಯಜಮಾನ್ರು ಎಲ್ಲದಾರವ್ವ?"
"ಹೆಸರು ಹೇಳಜ್ಜಿ."
ಸೆರಗು ಬಾಯಿಗೆ ಹೋಯಿತು.
ಹೆಸರಿಲ್ಲದೆ ಕಂಪ್ಯೂಟರು ಹುಡುಕಲ್ಲ ಅಂದೆ.
ಹಿಂದಿನ ಸಾಲು ಗೊಣಗಿತು.
ಆಚೆ ಈಚೆ ನೋಡಿ, ಗಾಜಿನ ತೂತಿಗೆ ಬಾಯಿಟ್ಟು
ಒಗಟು ಒಡ್ಡಿದಳು:
"ಕರಿ ಎಮ್ಮಿ ಕೊಡತೈತಲ್ಲವ್ವ, ಬಿಳೇದು,
ಒಲಿ ಮ್ಯಾಲಿಟ್ರೆ ಉಕ್ಕತೈತಲ್ಲ,
ಅದರ ಮುಂದೊಂದು ಅಪ್ಪ."

ಹಾಲಪ್ಪ. ಒತ್ತಿದೆ. ಇಲ್ಲ.
ಊರು ಹಾಕಿ ಒತ್ತಿದೆ. ಇಲ್ಲ.
ಅವಳ ಕಣ್ಣು ನನ್ನ ಬೆರಳ ಮೇಲೆ.
ಇನ್ನೊಂದು ಪಟ್ಟಿ ಇದೆ, ತೆರೆಯಲಿಲ್ಲ.
ಇದ್ದವರ ಪಟ್ಟಿಯಲ್ಲೇ ಮತ್ತೆ ಮೇಲಿಂದ
ಒಬ್ಬೊಬ್ಬರನ್ನೇ ದಾಟಿ ಇಳಿದೆ:
ಗಂಡಸರ ವಾರ್ಡು, ಮಂಚ ಹದಿನಾರು, ವಯಸ್ಸು ಎಪ್ಪತ್ತೊಂದು,
ಹಾಳಪ್ಪ.

ರಾತ್ರಿ ಶಿಫ್ಟಿನ ತಿಪ್ಪೇಶ
ಶಿಫ್ಟ್ ಕೀಲಿಯಿಂದ ಬೆರಳು ತೆಗೆಯುವುದು ತಡ ಮಾಡಿದ್ದಾನೆ.
ಹಾಲು ಹಾಳಾಗಲು ಅಷ್ಟು ಸಾಕು.
ತಿದ್ದುವ ಅಧಿಕಾರ ನನಗಿಲ್ಲ:
ಅರ್ಜಿ, ಆಧಾರ್ ಜೆರಾಕ್ಸ್, ಮೂರು ದಿನ.
ಚೀಟಿಯ ಮೇಲೆ ನನ್ನ ಕೈಯಾರೆ
ಹಾಲಪ್ಪ, ೧೬ ಎಂದು ಬರೆದುಕೊಟ್ಟೆ.
ಓದು ಬಾರದ ಅಜ್ಜಿ
ಅದನ್ನು ಎಲೆಯಡಿಕೆ ಸಂಚಿಯೊಳಗೆ ಮಡಿಸಿಟ್ಟಳು.

ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.
ಕೈಯಲ್ಲಿ ಮುಚ್ಚಳ ಬಿಗಿದ ಸ್ಟೀಲು ಡಬ್ಬಿ.
"ಬಿಳೇದು ತಂದೀನಿ. ಅವ್ರಿಗೆ ಕೊಡಬೌದಾ?"
ಐವತ್ತು ವರ್ಷ, ದಿನಾ ಕಾಸಿದ್ದಾಳೆ,
ಒಮ್ಮೆಯೂ ಅದರ ಹೆಸರೆತ್ತಿಲ್ಲ.
"ಡಾಕ್ಟ್ರನ್ನ ಕೇಳ್ಬೇಕಜ್ಜಿ" ಅಂದೆ,
ರಟ್ಟಿನಲ್ಲಿದ್ದ ಹಾಗೆ.

ನಾಲ್ಕು ಗಂಟೆಗೆ ಯಾರೂ ಕೇಳದಿದ್ದರೂ
ತೆರೆದು ನೋಡಿದೆ.
ಹದಿನಾರು: ಭರ್ತಿ.
ಮಂಡಕ್ಕಿ ಮೆತ್ತಗಾಗಿತ್ತು.
ತಿಂದೆ.